ಫ್ಯೂಸಿಗೆ ಹೆಡ್ ಇಲ್ಲ ಸ್ವಾಮಿ

ಮೈಸೂರಿನಲ್ಲಿ ಹಳೇ ಆಸಿಲೋಸ್ಕೋಪ್, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ, ಬೇಕಾದರೆ ದಾರಿ ಎರಡೇ. ಒಂದು ಗುಜರಿ ಅಂಗಡಿ, ಇನ್ನೊಂದು ಸರ್ಕಾರಿ ಹರಾಜು. ಗುಜರಿಯವನು ತಕ್ಕಡಿಗೆ ಹಾಕಿ ಕೇಜಿ ಲೆಕ್ಕದಲ್ಲಿ ಕೊಡುತ್ತಾನೆ. ಹರಾಜಿನವರು 'ಇದ್ದಲ್ಲಿ, ಇದ್ದ ಹಾಗೆ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ದುಡ್ಡು ಕಟ್ಟುವವರೆಗೆ ಮುಟ್ಟಬೇಡ, ಕಟ್ಟಿದ ಮೇಲೆ ಕೇಳಬೇಡ.

ಸ್ಕೋಪ್ ಒಂದನ್ನೇ ಕೊಡಿ ಅಂದರೆ ಆಗುವುದಿಲ್ಲ. ಅದು ಲಾಟ್. 8 ಸ್ಕೋಪ್, ಕಾಲು ಮುರಿದ 14 ಸ್ಟೂಲು, ಒಂದು ಝೆರಾಕ್ಸ್ ಮೆಷಿನ್, ಜೊತೆಗೆ ಯಾವ ಕಾಲದ್ದೋ ತಗಡಿನ ಪೆಟ್ಟಿಗೆ. ಸ್ಕೋಪ್ ಬೇಕಾದವನು ಸ್ಟೂಲನ್ನೂ ಸಾಕಬೇಕು. ಪಕ್ಕದಲ್ಲಿ ಕೂಗುವವರು ಮಂಡಿ ಮೊಹಲ್ಲಾ ಕಡೆಯ ಗುಜರಿಯವರು. ನಮ್ಮಂಥವರ ಕಣ್ಣು ಪಿಕ್ಚರ್ ಟ್ಯೂಬಿನ ಮೇಲೆ, ಅವರ ಕಣ್ಣು ಟ್ರಾನ್ಸ್‌ಫಾರ್ಮರ್ ಒಳಗಿನ ತಾಮ್ರದ ಮೇಲೆ. 20 ಮೆಗಾಹರ್ಟ್ಸ್ ಸ್ಕೋಪಿಗೂ 100 ಮೆಗಾಹರ್ಟ್ಸ್ ಸ್ಕೋಪಿಗೂ ಅವರ ಲೆಕ್ಕದಲ್ಲಿ ಇರುವ ವ್ಯತ್ಯಾಸ ತೂಕದ್ದು ಮಾತ್ರ.

ಅಂಗಡಿಯಲ್ಲಿ ಕೊಂಡರೆ ಗ್ಯಾರಂಟಿ ಉಂಟು. 'ಆನ್ ಆಗುತ್ತೆ ಸಾರ್.' ಅಷ್ಟೇ ಗ್ಯಾರಂಟಿ. ಕೆಂಪು ಲೈಟು ಹತ್ತಿದರೆ ಮೆಷಿನ್ ಸರಿ ಇದೆ ಅಂತ ಅರ್ಥ. ಹತ್ತದಿದ್ದರೆ, 'ಟೆಸ್ಟ್ ಮಾಡಿಲ್ಲ ಸಾರ್, ಟೆಸ್ಟ್ ಮಾಡೋಕೆ ನಮ್ಮ ಹತ್ರ ಏನೂ ಇಲ್ಲ' ಅನ್ನುತ್ತಾನೆ. ಹೇಳುವಾಗ ಅವನ ಬೆನ್ನ ಹಿಂದೆ ಒಂದು ಕಪಾಟು ತುಂಬ ವೋಲ್ಟೇಜು, ಕರೆಂಟು ಅಳೆಯುವ ಮಲ್ಟಿಮೀಟರ್ ಇರುತ್ತವೆ.

ಈ ಯಂತ್ರಗಳು ಹರಾಜಿಗೆ ಯಾಕೆ ಬಂದವು ಅನ್ನುವುದು ಇನ್ನೂ ಚೆನ್ನಾಗಿದೆ. ಊರಿನ ಒಂದು ಕಾಲೇಜಿನ ಲ್ಯಾಬ್. ಸ್ಕೋಪಿನ ಫ್ಯೂಸ್ ಹೋಗುತ್ತದೆ. ಗಾಜಿನ ಫ್ಯೂಸ್, ಬೆಲೆ 5 ರೂಪಾಯಿ. ಲ್ಯಾಬ್ ಅಸಿಸ್ಟೆಂಟಿಗೆ ಗೊತ್ತು ಹೋಗಿರುವುದು ಫ್ಯೂಸ್ ಅಂತ. ಬದಲಾಯಿಸಲೂ ಬರುತ್ತದೆ. ಆದರೆ ಫ್ಯೂಸಿಗೆ ಹೆಡ್ ಇಲ್ಲ, ಅಂದರೆ ಬಜೆಟ್ಟಿನಲ್ಲಿ ಅದರ ಹೆಸರಿನ ಖರ್ಚಿನ ಬಾಬ್ತು ಇಲ್ಲ. ಹೊಸ ಯಂತ್ರ ಕೊಳ್ಳೋಕೆ ಹೆಡ್ ಇದೆ, ಫ್ಯೂಸ್ ಕೊಳ್ಳೋಕೆ ಇಲ್ಲ. ರಿಪೇರಿ ಅಂತ ಬರೆದರೆ ಮೂರು ಕೊಟೇಶನ್ ತರಬೇಕು. 5 ರೂಪಾಯಿ ಸಾಮಾನಿಗೆ ಕೊಟೇಶನ್ ಬರೆದುಕೊಡುವ ಅಂಗಡಿ ಇರ್ವಿನ್ ರಸ್ತೆಯ ಈ ತುದಿಯಿಂದ ಆ ತುದಿವರೆಗೆ ಹುಡುಕಿದರೂ ಸಿಗುವುದಿಲ್ಲ. ಕಾಗದದ ಖರ್ಚೇ ಅದಕ್ಕಿಂತ ಜಾಸ್ತಿ ಅಲ್ವಾ. ಸ್ವಂತ ಜೇಬಿನಿಂದ ಹಾಕಿದರೆ ಆಡಿಟ್‌ನವರು ಬಿಡುವುದಿಲ್ಲ. 'ನಿಮಗೇನ್ರೀ ಅಷ್ಟು ಆಸಕ್ತಿ?'

ಅಷ್ಟರಲ್ಲಿ ಮಾರ್ಚ್ 31 ಬರುತ್ತದೆ. ಹಣ ವಾಪಸ್ ಹೋಗುತ್ತದೆ. ಸ್ಕೋಪ್, ಕೆಲಸಕ್ಕೆ ಬಾರದ್ದು ಅಂತ ಸಾಮಾನನ್ನು ತಳ್ಳಿಹಾಕುವ ಕಂಡೆಮ್ನೇಷನ್ ಕಮಿಟಿಯ ಮುಂದೆ ಹೋಗುತ್ತದೆ. ಕಮಿಟಿಯಲ್ಲಿ ಒಬ್ಬರು ಸಿವಿಲ್, ಒಬ್ಬರು ಅಕೌಂಟ್ಸ್, ಇನ್ನೊಬ್ಬರು ದೈಹಿಕ ಶಿಕ್ಷಣ. ದೈಹಿಕ ಶಿಕ್ಷಣದವರು ಪೆಟ್ಟಿಗೆಯ ಮೇಲೆ ಒಂದು ಏಟು ಹಾಕಿ ನೋಡುತ್ತಾರೆ. ಮೂವರಲ್ಲಿ ಯಂತ್ರವನ್ನು ಮುಟ್ಟಿ ನೋಡಿದವರು ಅವರೊಬ್ಬರೇ ಅನ್ನುವುದನ್ನು ಒಪ್ಪಲೇಬೇಕು. ಮೂವರೂ ಸಹಿ ಹಾಕುತ್ತಾರೆ: ರಿಪೇರಿ ಲಾಭದಾಯಕವಲ್ಲ.

ಇನ್ನು ನಿಜವಾಗಿ ಸತ್ತ ಯಂತ್ರಗಳ ಕಥೆ ಬೇರೆ. ಅವು ಸ್ಟಾಕ್ ರಿಜಿಸ್ಟರಿನಲ್ಲಿ ದೀರ್ಘಾಯುಷಿಗಳು. ಸತ್ತಿದೆ ಅಂತ ಬರೆದರೆ ಯಾರ ಕಾಲದಲ್ಲಿ ಸತ್ತಿತು ಅಂತ ಕೇಳುತ್ತಾರೆ. ಅದಕ್ಕೇ ಯಾರೂ ಬರೆಯುವುದಿಲ್ಲ. ಇನ್‌ಸ್ಪೆಕ್ಷನ್ ದಿನ ಅವುಗಳಿಗೆ ಧೂಳು ಒರೆಸಿ, ಸಾಲಾಗಿ ಕೂರಿಸಿ, ಲೈಟು ಹತ್ತಿಸುತ್ತಾರೆ. ಪರದೆಯ ಮೇಲೆ ಗೆರೆ ಬರಲಿಲ್ಲ ಅಂದರೆ ಬ್ರೈಟ್‌ನೆಸ್ ಕಮ್ಮಿ ಮಾಡಿದ್ದೀವಿ ಸಾರ್, ಟ್ಯೂಬ್ ಬಾಳಿಕೆ ಬರಲಿ ಅಂತ. ಹುಡುಗರ ರೆಕಾರ್ಡಿನಲ್ಲಿ ಮಾತ್ರ ಸೈನ್ ವೇವ್ ಬಳುಕುತ್ತಿರುತ್ತದೆ. ಹಿಂದಿನ ಬ್ಯಾಚಿನ ರೆಕಾರ್ಡಿನಿಂದ ಬಂದದ್ದು. ಆ ಬ್ಯಾಚಿಗೆ ಅದರ ಹಿಂದಿನ ಬ್ಯಾಚಿನಿಂದ. ಸುಮ್ನೆ ಅಳೆಯೋಕೆ ಹೋದವರಿಗೆ ರೀಡಿಂಗ್ ತಪ್ಪುತ್ತದೆ. ಕಾಪಿ ಹೊಡೆದವರಿಗೆ ಥಿಯರಿಗೆ ಸರಿಯಾಗಿ ಕೂರುತ್ತದೆ, ಎರರ್ ಸೊನ್ನೆ.

ಇದೇ ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಸೈಕಾಲಜಿ ಪ್ರೊಫೆಸರ್ ತಮ್ಮ ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದರು. ಈಗಿನ ಯಾವುದಾದರೂ ಕಮಿಟಿ ಆಗ ಇದ್ದಿದ್ದರೆ ಟ್ರಾನ್ಸ್‌ಮಿಟರನ್ನು ಸ್ಟೂಲಿನ ಜೊತೆ ಲಾಟ್ ಮಾಡಿರುತ್ತಿತ್ತು.

ಸರಿ, ಲಾಟ್ ಮನೆಗೆ ಬಂತು ಅಂದುಕೊಳ್ಳಿ. ಮೊದಲ ನಿಯಮ, ಪ್ಲಗ್ ಹಾಕಬಾರದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ ಕರೆಂಟು ಒಳಬರುವ ಕಡೆ ಚಾರ್ಜ್ ಹಿಡಿದಿಡುವ ಒಂದು ಪೇಪರ್ ಕ್ಯಾಪಾಸಿಟರ್ ಇದ್ದರೂ ಇರಬಹುದು. ಹಳದಿ ಪ್ಲಾಸ್ಟಿಕ್ ಕವಚ, ಮೇಲೆ ಕೂದಲೆಳೆಯ ಬಿರುಕು. ಆ ಬಿರುಕಿನಲ್ಲಿ ತೇವ ಸೇರಿರುತ್ತದೆ. ಆನ್ ಮಾಡಿದರೆ ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ನೀವು ಖುಷಿಯಾಗಿ ಕಾಫಿ ತರೋಕೆ ಎದ್ದಾಗ ಢಬ್ ಅನ್ನುತ್ತದೆ. ಆಮೇಲೆ ಮನೆಯಲ್ಲಿ ಎರಡು ದಿನ ಆ ವಾಸನೆ, ಒಂದು ವಾರ ಆ ಮಾತು. ಎರಡನೇ ನಿಯಮ, ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನ ಹತ್ತಿರ ಕೈ ಹಾಕಬಾರದು. ಅಲ್ಲಿ ಸಾವಿರಗಟ್ಟಲೆ ವೋಲ್ಟ್ ಉಳಿದಿರುತ್ತದೆ. ವರ್ಗಾವಣೆ ಆದರೂ ಚಾರ್ಜ್ ಬಿಟ್ಟುಕೊಡದ ಆಫೀಸರ ಹಾಗೆ, ಮರ್ಯಾದೆಯಿಂದ ರೆಸಿಸ್ಟರ್ ಮೂಲಕ ಇಳಿಸಬೇಕು.

ಕವರ್ ಬಿಚ್ಚಿದರೆ ಒಳಗೆ ಇತಿಹಾಸ. ಫ್ಯೂಸ್ ಇರಬೇಕಾದ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದಾರೆ. ಹೈ ವೋಲ್ಟೇಜ್ ಬೋರ್ಡಿನ ಮೇಲೆ ಒಂದು ಹಲ್ಲಿ, ನಾಲ್ಕೂ ಕಾಲು ಚಾಚಿ ಒಣಗಿ ಅಂಟಿಕೊಂಡಿದೆ. ಹೊರಗಡೆ ಹಸಿರು ಸ್ಟಿಕರ್: 'ಕ್ಯಾಲಿಬ್ರೇಟ್ ಮಾಡಲಾಗಿದೆ', ಅಂದರೆ ಅಳತೆ ಸರಿ ಇದೆಯಾ ಅಂತ ತಾಳೆ ನೋಡಿ ಹೊಂದಿಸಲಾಗಿದೆ. ತಾರೀಖು ಇದೆ, ಸಹಿ ಇದೆ, ಮುಂದಿನ ಕ್ಯಾಲಿಬ್ರೇಷನ್ ಒಂದು ವರ್ಷದ ನಂತರ ಅಂತಲೂ ಇದೆ. ಹಲ್ಲಿಯನ್ನೂ ಸೇರಿಸಿ ಕ್ಯಾಲಿಬ್ರೇಟ್ ಮಾಡಿದ್ದಾರೆ ಅಂತ ತಿಳಿಯಬೇಕು.

ಮೀಟರುಗಳದ್ದು ಇನ್ನೊಂದು ಗೋಳು. ಎಚ್‌ಪಿ 3478ಎ ಅಂತ ಒಂದು ಒಳ್ಳೆಯ ಹಳೇ ಮಲ್ಟಿಮೀಟರ್ ಇದೆ. ಅದರ ಕ್ಯಾಲಿಬ್ರೇಷನ್ ಅಂಕಿಗಳೆಲ್ಲ ಒಂದು ಮೆಮೊರಿ ಚಿಪ್ಪಿನಲ್ಲಿ ಕೂತಿರುತ್ತವೆ. ಕರೆಂಟು ಇಲ್ಲದಾಗ ಅವನ್ನು ಉಳಿಸುವುದು ಬೆಸುಗೆ ಹಾಕಿದ 3 ವೋಲ್ಟಿನ ಒಂದು ಲಿಥಿಯಂ ಸೆಲ್. ಆಫ್ ಆಗಿರುವಾಗ ಸೆಲ್ ಕಿತ್ತರೆ ಅಂಕಿಗಳು ಅಳಿಸಿಹೋದವು. ನಮ್ಮ ಅಂಗಡಿಯವರು ಮೀಟರನ್ನು ಪಳಪಳ ಒರೆಸಿ ಹೆಮ್ಮೆಯಿಂದ ಹೇಳುತ್ತಾರೆ, 'ಒಳಗೆ ಹಳೇ ಸೆಲ್ ಇತ್ತು ಸಾರ್. ನಾವೇ ಕಿತ್ತು ಎಸೆದು ಕ್ಲೀನ್ ಮಾಡಿದೀವಿ.' ಅದಕ್ಕೆ ಇನ್ನೂರು ರೂಪಾಯಿ ಜಾಸ್ತಿ ಬೇರೆ. ಮತ್ತೆ ಕ್ಯಾಲಿಬ್ರೇಟ್ ಮಾಡಿಸೋಕೆ ಹೋದರೆ ಲ್ಯಾಬಿನವರು ಕೇಳುವ ದುಡ್ಡಿನಲ್ಲಿ ಇನ್ನೊಂದು ಮೀಟರ್ ಬರುತ್ತದೆ. ಅದರದ್ದೂ ಸೆಲ್ ಕಿತ್ತಿರುತ್ತಾರೆ.

ಇಷ್ಟಾದರೂ ಹಳೇ ಯಂತ್ರಗಳ ಮೇಲೆ ಪ್ರೀತಿ ಯಾಕೆ ಅಂದರೆ, ರಿಪೇರಿ ಆಗುತ್ತವೆ. 1972ರಲ್ಲಿ ಬಂದ ಟೆಕ್ಟ್ರಾನಿಕ್ಸ್ 465ರ ಮ್ಯಾನ್ಯುಯಲ್ ತೆಗೆದು ನೋಡಿ. ಪೂರ್ತಿ ಸರ್ಕ್ಯೂಟ್ ಇದೆ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿವರಣೆ ಇದೆ. ಈಗಿನ ಯಂತ್ರದ ಜೊತೆ ಬರುವ ಚೀಟಿಯಲ್ಲಿ ಹತ್ತು ಭಾಷೆಯಲ್ಲಿ ಒಂದೇ ಮಾತು, ಬಿಚ್ಚಬೇಡಿ.

ಆ ಕಾಲೇಜಿನ ಲಾಟಿನಲ್ಲಿ ಬಂದ ಒಂದು ಸ್ಕೋಪ್ ಬರೀ ಫ್ಯೂಸಿಗೇ ಸರಿಹೋಯಿತು. ಪರದೆಯ ಮೇಲೆ ಹಸಿರು ಗೆರೆ ನೆಟ್ಟಗೆ ನಿಂತಿತು. ಹುಡುಗರಿಗೆ ಉಪಯೋಗ ಆಗಲಿ, ಪುಕ್ಕಟೆ ವಾಪಸ್ ಕೊಡುತ್ತೇನೆ ಅಂತ ಕಾಲೇಜಿಗೆ ಹೋದೆ. ಸ್ಟೋರ್ ಕೀಪರ್ ಮಾತು ಮುಗಿಸಲೂ ಬಿಡದೆ ಎದ್ದು ಬಾಗಿಲು ಹಾಕಿದರು.

'ಏನ್ ಸಾರ್ ನೀವು. ಇದು ಕೆಲಸ ಮಾಡುತ್ತೆ ಅಂತ ನಾನು ಬರಕೊಂಡ್ರೆ, ಮಾಡಲ್ಲ ಅಂತ ಸಹಿ ಹಾಕಿದ ಮೂರು ಜನಕ್ಕೆ ನೋಟಿಸ್ ಬರುತ್ತೆ. ಒಬ್ಬರು ಮುಂದಿನ ತಿಂಗಳು ರಿಟೈರ್ಡು, ಪೆನ್ಶನ್ ಇದೆ. ಬೇಕಾದ್ರೆ ಒಂದು ಕೆಲಸ ಮಾಡಿ. ಫ್ಯೂಸ್ ಕಿತ್ತುಕೊಂಡು ತನ್ನಿ, ಬರೆದುಕೊಳ್ತೀನಿ.'