ಸ್ಪಷ್ಟನೆ: ವೆನಿಸ್ ನೋಟಗಳು ಕನಲೆಟ್ಟೊನಿಂದ ಶುರುವಾದದ್ದಲ್ಲ

"ಇಟಲಿಯ ವೆನಿಸ್ ನಗರದ ನೋಟಗಳನ್ನು ಮೊದಲು ಬಿಡಿಸಿದವನು ಚಿತ್ರಕಾರ ಕನಲೆಟ್ಟೊ, ಅದೂ ಕ್ಯಾಮೆರಾ ಅಬ್ಸ್ಕ್ಯೂರಾ (ಸಣ್ಣ ತೂತಿನಿಂದ ಬಂದ ಬೆಳಕಲ್ಲಿ ಹೊರಗಿನ ನೋಟ ಒಳಗೆ ಮೂಡುವ ಕತ್ತಲ ಪೆಟ್ಟಿಗೆ) ಇಟ್ಟುಕೊಂಡು ಫೋಟೋ ಥರ ನಕಲು ಮಾಡಿದ್ದು" ಅನ್ನೋ ಮಾತು ಓಡಾಡುತ್ತಿದೆ. ಎರಡೂ ಸರಿಯಲ್ಲ.

ಕನಲೆಟ್ಟೊ ಹುಟ್ಟಿದ್ದು 1697ರಲ್ಲಿ. ಅದಕ್ಕೆ 200 ವರ್ಷ ಮೊದಲೇ, 1496ರಲ್ಲಿ, ಚಿತ್ರಕಾರ ಜೆಂಟೈಲ್ ಬೆಲ್ಲಿನಿ ವೆನಿಸ್ ನಗರದ ಸಂತ ಮಾರ್ಕ್ ಚೌಕದ ಮೆರವಣಿಗೆಯನ್ನು ಕಟ್ಟಡಗಳ ಸಮೇತ ಬಿಡಿಸಿದ್ದ. 1703ರಲ್ಲಿ ಕಲಾವಿದ ಲೂಕಾ ಕಾರ್ಲೆವಾರಿಸ್ ನಗರದ 104 ನೋಟಗಳನ್ನು ಅಚ್ಚು ಹಾಕಿಸಿದಾಗಲೂ ಕನಲೆಟ್ಟೊ ಪುಟ್ಟ ಹುಡುಗ.

ಇನ್ನು ಕ್ಯಾಮೆರಾ. ಆ ಪೆಟ್ಟಿಗೆಯನ್ನು ಅವನು ಅಲ್ಲಲ್ಲಿ ಬಳಸಿರಬಹುದು. ಆದರೆ ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿರುವ ಅವನ ರೇಖಾಚಿತ್ರಗಳನ್ನು ಕಣ್ಣಿಗೆ ಕಾಣದ ಬೆಳಕಾದ ಇನ್‌ಫ್ರಾರೆಡ್‌ನಲ್ಲಿ ನೋಡಿದಾಗ, ಶಾಯಿಯ ಕೆಳಗೆ ಸ್ಕೇಲ್ ಇಟ್ಟು ಎಳೆದ ಪೆನ್ಸಿಲ್ ಗೆರೆಗಳು ಸಿಕ್ಕವು. ಸುಮ್ನೆ ಪೆಟ್ಟಿಗೆಯಲ್ಲಿ ಮೂಡಿದ ನೋಟದ ಮೇಲೆ ಗೆರೆ ಎಳೆಯೋ ಕೆಲಸ ಅಲ್ಲ ಅಲ್ವಾ ಇದು? ಅಪ್ಪ ನಾಟಕದ ಪರದೆ ಬರೆಯುವವನು, ಮಗನೂ ಅಲ್ಲೇ ಪಳಗಿದವನು. ಚೆಂದ ಕಾಣಲಿ ಅಂತ ಕಟ್ಟಡಗಳನ್ನು ಆಚೀಚೆ ಸರಿಸಿದ್ದಾನೆ, ಬೇರೆ ಬೇರೆ ಜಾಗದಿಂದ ಕಂಡದ್ದನ್ನು ಒಂದೇ ಚಿತ್ರದಲ್ಲಿ ಕೂಡಿಸಿದ್ದಾನೆ.

ಹಾಗಂತ ಎಲ್ಲವೂ ಕಲ್ಪನೆ ಅಂತಲೂ ಅಲ್ಲ. ಕಾಲುವೆ ಪಕ್ಕದ ಗೋಡೆಗಳಲ್ಲಿ ಪಾಚಿ ಎಲ್ಲಿವರೆಗೆ ಹತ್ತಿತ್ತು ಅನ್ನೋ ಹಸಿರು ಗೆರೆಯನ್ನೂ ಅವನು ಬಿಟ್ಟಿಲ್ಲ. ಅದನ್ನು ಈಗಿನ ಗೆರೆಯ ಜೊತೆ ಹೋಲಿಸಿಯೇ ವಿಜ್ಞಾನಿಗಳು ಅಲ್ಲಿನ ನೀರು ಅರ್ಧ ಮೀಟರ್‌ಗಿಂತ ಜಾಸ್ತಿ ಮೇಲೇರಿದೆ ಎಂದು ಲೆಕ್ಕ ಹಾಕಿದ್ದು.