ನಲವತ್ತೊಂದರಲ್ಲಿ ಆರು ಮಂದಿ

ಹೋದ ಮೇ ತಿಂಗಳಲ್ಲಿ ನಮ್ಮೂರ ಕನ್ನಡ ಸಾಲಿಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡಿದ್ದೆವು. ಶಾಮಿಯಾನ, ಶಾಲು, ಹಾರ, ಗೋಧಿ ಹುಗ್ಗಿ ಊಟ, ಎಲ್ಲಾ ಚೆನ್ನಾಗಿತ್ತು. ಹುಗ್ಗಿ ಎರಡು ಸಲ ಹಾಕಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಮನಸ್ಸಿಗೆ ಚುಚ್ಚಿದ್ದು ವೇದಿಕೆ ಹಿಂದಿನ ಫ್ಲೆಕ್ಸ್. ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ಶಾಲೆಯ ಹೆಮ್ಮೆ' ಅಂತ ಬರೆದು, ಕೆಳಗೆ ನಮ್ಮ ಬ್ಯಾಚಿನ ಆರು ಜನರ ಫೋಟೊ ಹಾಕಿದ್ದರು. ಇಬ್ಬರು ಇಂಜಿನಿಯರು, ಒಬ್ಬ ಡಾಕ್ಟರು, ಒಬ್ಬ ಪಿಎಸ್‌ಐ, ಒಬ್ಬ ಸುಬೇದಾರ. ಆರನೆಯವನು ನಾನು. 'ಉನ್ನತ ಅಧಿಕಾರಿ' ಅಂತ ಬರೆಸಿದ್ದರು. ನಾನು ಕಚೇರಿಯಲ್ಲಿ ಅಧೀಕ್ಷಕ. ಅಂದ್ರೆ ಫೈಲು ತಡವಾದರೆ ಎಲ್ಲರಿಂದ ಬೈಸಿಕೊಳ್ಳುವವನು.

ಊಟ ಆದ ಮೇಲೆ ಹೆಡ್‌ಮಾಸ್ತರರನ್ನು ಕೇಳಿ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆಸಿದೆ. ಸುಮ್ನೆ, ನನ್ನ ಹೆಸರು ನೋಡೋಣ ಅಂತ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದಾಗ ಸಾಲಿಯ ಸಾಮಾನುಗಳಲ್ಲಿ ನೆಟ್ಟಗೆ ಉಳಿದು ಬಂದದ್ದು ಇಂಥ ನಾಲ್ಕೈದು ರಿಜಿಸ್ಟರೇ. ರಟ್ಟು ಕಿತ್ತು ಹೋಗಿದೆ, ನೀಲಿ ಶಾಯಿ ಹಬ್ಬಿದೆ. 1986ರ ಜೂನಿನಲ್ಲಿ ಒಂದನೇತ್ತಕ್ಕೆ ಹೆಸರು ಹಚ್ಚಿದವರು 41. ಅದರಲ್ಲಿ ಹೆಣ್ಣುಮಕ್ಕಳು 15. 1993ರಲ್ಲಿ ಏಳನೇತ್ತ ಮುಗಿಸಿದವರು 23. ಕೊನೆಯ ಕಾಲಮ್ಮು 'ಶಾಲೆ ಬಿಟ್ಟ ಕಾರಣ'. ನಡುವೆ ಬಿಟ್ಟವರ ಹೆಸರಿನ ಮುಂದೆಲ್ಲ ಒಂದೇ ಕೈಬರಹದಲ್ಲಿ ಒಂದೇ ಮಾತು: 'ಸತತ ಗೈರುಹಾಜರಿ'.

ಇಲ್ಲಿ ಗೈರುಹಾಜರಿ ಅಂದ್ರೆ ಇನ್ನೆಲ್ಲೋ ಹಾಜರಿದ್ದಾರೆ ಅಂತ ಅರ್ಥ, ಅಲ್ವಾ? ಒಬ್ಬಳು ಹತ್ತಿ ಬಿಡಿಸೋಕೆ ಹೋಗಿದ್ದಳು. ಒಬ್ಬಳು ತಮ್ಮನನ್ನು ಟೊಂಕದ ಮೇಲೆ ಕೂರಿಸಿಕೊಂಡು ಮನೆ ಕಾಯುತ್ತಿದ್ದಳು. ಒಬ್ಬ ಕುರಿ ಹಿಂದೆ ಇದ್ದ. ಅದನ್ನು ಬರೆಯೋಕೆ ಆ ಕಾಲಮ್ಮಿನಲ್ಲಿ ಜಾಗ ಸಾಲುತ್ತಿರಲಿಲ್ಲ.

ನಮ್ಮದು ಬಾಗಲಕೋಟೆ ಸೀಮೆಯ ಘಟಪ್ರಭೆ ದಂಡೆಯ ಊರು. ಮುಂಬೈ ಪ್ರಾಂತ್ಯದ ಕಾಲದ ಸಾಲಿ. 1956ರವರೆಗೆ ನಾವು ಮುಂಬೈ ಕಡೆಯವರು, 1997ರವರೆಗೆ ಬಿಜಾಪುರ ಜಿಲ್ಲೆಯವರು. ನಮ್ಮಜ್ಜನ ಕಾಲದಲ್ಲಿ ಏಳನೇತ್ತದ ಪರೀಕ್ಷೆಗೆ ಮುಲ್ಕಿ ಅಂತಿದ್ದರು. ಮುಲ್ಕಿ ಪಾಸಾದರೆ ಸಾಕು, ಮಾಸ್ತರಿಕೆ ಸಿಗುತ್ತಿತ್ತು. ಪಾಸಾದವರು ಓಣಿಗೊಬ್ಬರು ಇದ್ದರೆ ಹೆಚ್ಚು. ಅವರನ್ನು ಸಾಯೋವರೆಗೂ ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಮಾಸ್ತರ್ ಅಂತಲೇ ಕರೆದರು. ಅಪ್ಪಂದಿರ ಕಾಲಕ್ಕೆ ಆ ಬೆಲೆ ಹೋಗಿತ್ತು. ಕೆಲವರು ಬಾಗಲಕೋಟೆಯ ಸಿಮೆಂಟ್ ಫ್ಯಾಕ್ಟರಿಗೆ, ಕೆಲವರು ಗುಳೇದಗುಡ್ಡದ ಖಣದ ಮಗ್ಗಕ್ಕೆ, ಉಳಿದವರು ಹೊಲಕ್ಕೆ.

ನಮ್ಮ ಪಾಳಿ ಬಂದಾಗ ನೀರು ಬಂತು.

ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಆಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ. ನಾವು ಹುಟ್ಟಿದಾಗಿನಿಂದ 'ಮುಳುಗಡೆ' ಅನ್ನೋ ಮಾತು ಕೇಳಿಕೊಂಡೇ ಬೆಳೆದವರು. ಮುಳುಗೋ ಊರಿಗೆ ಯಾಕೆ ಖರ್ಚು ಅಂತ ಸಾಲಿಯ ಹಂಚು ಒಡೆದರೂ ಯಾರೂ ಹಾಕಿಸುತ್ತಿರಲಿಲ್ಲ. ಮಳೆಗಾಲದಲ್ಲಿ ಆರನೇತ್ತ, ಏಳನೇತ್ತ ಒಂದೇ ಮೂಲೆಯಲ್ಲಿ ಕೂರುತ್ತಿದ್ದೆವು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಆಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸೋಕೆ ಒಪ್ಪಿಗೆ ಕೊಟ್ಟಿತು. ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಬಂತು. ಜನ ಅದಕ್ಕೆ ಇವತ್ತಿಗೂ 'ಪ್ಲಾಟು' ಅಂತಲೇ ಅನ್ನುತ್ತಾರೆ. ಊರು ಅನ್ನೋದು ಇನ್ನೂ ಬಾಯಿಗೆ ಬಂದಿಲ್ಲ.

ಈಗ ನನ್ನ ಕಥೆ ಕೇಳಿ. ವೇದಿಕೆ ಮೇಲೆ ನನ್ನನ್ನು 'ಕಷ್ಟಪಟ್ಟು ಓದಿ ಮೇಲೆ ಬಂದವರು' ಅಂತ ಹೊಗಳಿದರು. ಓದಿದ್ದು ಹೌದು. ಆದರೆ ನಮ್ಮಪ್ಪನಿಗೆ ಒಂಬತ್ತು ಎಕರೆ ಹೊಲ ಇತ್ತು, ಅದು ಹೋಯ್ತು. ಪರಿಹಾರದ ದುಡ್ಡಿನಲ್ಲಿ ನಾನು ಬಾಗಲಕೋಟೆಯಲ್ಲಿ ರೂಮು ಮಾಡಿ ಪಿಯುಸಿ, ಡಿಗ್ರಿ ಮುಗಿಸಿದೆ. ಆಮೇಲೆ ಎಫ್‌ಡಿಎ, ಅಂದ್ರೆ ಪ್ರಥಮ ದರ್ಜೆ ಸಹಾಯಕ ಆಗಿ ಸೇರಿದ್ದು ಯೋಜನಾ ನಿರಾಶ್ರಿತರ ಕೋಟಾದಲ್ಲಿ. ಸಿ ಮತ್ತು ಡಿ ಗುಂಪಿನ ನೇಮಕಾತಿಯಲ್ಲಿ ನಮಗೆ ನೂರಕ್ಕೆ ಐದು ಮೀಸಲು ಇದೆ. ಆ ಸರ್ಟಿಫಿಕೇಟ್ ಇಲ್ಲದೆ ನನ್ನ ಮಾರ್ಕ್ಸಿಗೆ ನೌಕರಿ ಸಿಗುತ್ತಿರಲಿಲ್ಲ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ, ಹೊಲ ಕೊಟ್ಟೇ ಪಡೆದದ್ದು. ಆದರೆ ಮೈಕಿನಲ್ಲಿ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಹಾರ ಹಾಕಿಸಿಕೊಂಡು ಸುಮ್ಮನೆ ಕೂತೆ.

ನಮ್ಮ ಬ್ಯಾಚಿನಲ್ಲಿ ಮೊದಲ ನಂಬರ್ ಬರುತ್ತಿದ್ದವನು ನಾನಲ್ಲ. ನನ್ನ ಪಕ್ಕ ಕೂರುತ್ತಿದ್ದವನು. ಇಪ್ಪತ್ತೊಂಬತ್ತರ ಮಗ್ಗಿ ನಿದ್ದೆಗಣ್ಣಲ್ಲಿ ಹೇಳುತ್ತಿದ್ದ. ಅವರಪ್ಪ ನಮ್ಮ ಹೊಲಕ್ಕೇ ಆಳು. ಹೊಲ ಇಲ್ಲದವರಿಗೆ ಹೊಲದ ಪರಿಹಾರ ಎಲ್ಲಿಂದ ಬರಬೇಕು? ಮನೆ ಲೆಕ್ಕದಲ್ಲಿ ಒಂದಿಷ್ಟು ಬಂತು, ಅದು ಅಕ್ಕನ ಮದುವೆಗೆ ಹೋಯ್ತು. ಹೊಲ ಮುಳುಗಿದ ಮೇಲೆ ಕೂಲಿಯೂ ಇಲ್ಲ. ಅಷ್ಟರಲ್ಲಿ ಅವನು ಗೋವಾ ಬಸ್ಸು ಹತ್ತಿ ಆಗಿತ್ತು. ಕಲ್ಲು ಹೊತ್ತ, ಕಾಂಕ್ರೀಟ್ ಕಲಿಸಿದ, ಈಗ ಗವಂಡಿ. ಒಳ್ಳೆಯ ಗವಂಡಿ ಅಂತ ಹೆಸರಿದೆ. ನಮ್ಮ ಮನೆ ಕಟ್ಟಿದ್ದೂ ಅವನೇ. ಒಂದು ರೂಮಿಗೆ ಎಷ್ಟು ಇಟ್ಟಿಗೆ ಬೇಕು ಅಂತ ಇಂಜಿನಿಯರ್ ಮೊಬೈಲ್ ತೆಗೆಯೋ ಹೊತ್ತಿಗೆ ಇವನು ಬಾಯಲ್ಲೇ ಹೇಳಿದ್ದ. ಆ ಫ್ಲೆಕ್ಸಿನಲ್ಲಿ ಅವನಿಲ್ಲ. ಶಾಮಿಯಾನದ ಕಂಬ ಹುಗಿಯೋಕೆ ಮಾತ್ರ ಕರೆದಿದ್ದರು, ಬಂದಿದ್ದ.

ಎಲ್ಲಾ ನೀರಿನದೇ ಆಟ ಅಂತ ನಾನು ಹೇಳ್ತಿಲ್ಲ. ಸುಬೇದಾರ ಗೆಳೆಯನಿಗೆ ಹೊಲವೂ ಇರಲಿಲ್ಲ, ಕೋಟಾವೂ ಇರಲಿಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಭರ್ತಿಗೆ ಮೂರು ಸಲ ಹೋಗಿ ಮೂರನೇ ಸಲಕ್ಕೆ ಓಡಿ ಗೆದ್ದವನು. ಅವನಿಗೆ ಹಾಕಿದ ಹಾರಕ್ಕೆ ನಾನೂ ಚಪ್ಪಾಳೆ ತಟ್ಟಿದೆ. ನನ್ನ ತಕರಾರು ಇಷ್ಟೇ. ಆರು ಜನರನ್ನು ಎತ್ತಿ ತೋರಿಸಿ 'ನೋಡಿ, ನಮ್ಮ ಸಾಲಿ ಎಂಥವರನ್ನು ತಯಾರು ಮಾಡಿದೆ' ಅಂದರೆ, ಉಳಿದ 35 ಜನರನ್ನು ತಯಾರು ಮಾಡಿದ್ದು ಯಾರು? ಅವರೂ ಅದೇ ಕರಿ ಹಲಗೆ ನೋಡಿದವರು, ಅದೇ ಮಾಸ್ತರರ ಕೈಯಲ್ಲಿ ಹೊಡೆತ ತಿಂದವರು.

ಹೆಣ್ಣುಮಕ್ಕಳ ವಿಷಯಕ್ಕೆ ಬರ್ತೀನಿ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ 15 ಜನರಲ್ಲಿ ಇಬ್ಬರೇ ಇದ್ದಾರೆ. ಯಾಕೆ ಅಂತ ಕೇಳಿದರೆ ಸಂಘಟಕರು 'ನಂಬರ್ ಸಿಗಲಿಲ್ರಿ' ಅಂದರು. ನಾನು ಆಗ ಹುಗ್ಗಿ ತಿನ್ನುತ್ತಿದ್ದೆ. ಬಡಿಸುತ್ತಿದ್ದ ಹೆಂಗಸು ನಿಂತು ನಕ್ಕಳು. "ನನ್ನ ಗುರ್ತಾ ಹತ್ತಲಿಲ್ಲೇನ್ರಿ ಸಾಹೇಬ್ರ? ನಿಮ್ಮ ಪಾಟಿ ಒಡದಾಕಿ ನಾನ. ಗುರ್ತಾ ಹಿಡದ ಹುಗ್ಗಿ ಜಾಸ್ತಿ ಹಾಕೀನಿ" ಅಂದಳು. ಗುರುತು ಸಿಕ್ಕಿತು. ಮೂರನೇತ್ತದಲ್ಲಿ ನನ್ನ ಪಾಟಿ ಒಡೆದು, ನನ್ನ ಜೊತೆ ತಾನೂ ಅತ್ತಿದ್ದಳು. ನಾಲ್ಕನೇತ್ತದಲ್ಲಿ 'ಸತತ ಗೈರುಹಾಜರಿ'. 2002ರಲ್ಲಿ ನಮ್ಮ ಭಾಗದಲ್ಲಿ ಅಕ್ಷರ ದಾಸೋಹ ಶುರುವಾಯ್ತಲ್ಲ, ಕೆಲವು ವರ್ಷಕ್ಕೆ ಅವಳು ಇದೇ ಸಾಲಿಗೆ ಬಿಸಿಯೂಟದ ಅಡುಗೆಯವಳಾಗಿ ಬಂದಳಂತೆ. ನಾವು ಕಲಿಯುವಾಗ ಮಧ್ಯಾಹ್ನದ ಊಟ ಇದ್ದಿದ್ದರೆ ಅವಳನ್ನು ಅವರವ್ವ ಸಾಲಿ ಬಿಡಿಸುತ್ತಿದ್ದಳೋ ಇಲ್ಲವೋ. ನಮ್ಮಲ್ಲಿ ಇವತ್ತಿಗೂ ದಿನಾ ಸಾಲಿಗೆ ಹೋಗುವವಳು ಅವಳೊಬ್ಬಳೇ. 'ನೀನು' ಅಂತ ಕರೆ ಅಂದೆ. "ಹೋಗ್ರೀ" ಅಂತ ಮುಂದಿನ ಪಂಕ್ತಿಗೆ ಹೋದಳು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸುವ ಮಾತು ಮತ್ತೆ ಜೋರಾಗಿದೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ಸರ್ಕಾರ 2025ರಲ್ಲಿ ದರ ಗೊತ್ತು ಮಾಡಿದೆ. ನಮ್ಮ ಕಾಲಕ್ಕಿಂತ ಎಷ್ಟೋ ಪಾಲು ಒಳ್ಳೆಯ ದರ. ಆದರೆ ಆ ಊರುಗಳ ಸಾಲಿಯಲ್ಲೂ ಈಗ ಎಕರೆ ಇದ್ದವನ ಮಗ, ಇಲ್ಲದವನ ಮಗ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. ಇನ್ನು ಮೂವತ್ತು ವರ್ಷಕ್ಕೆ ಅವರದೂ ಗುರುವಂದನೆ ಆಗುತ್ತೆ. ಫ್ಲೆಕ್ಸಿನಲ್ಲಿ ಯಾರ ಫೋಟೊ ಬರುತ್ತೆ ಅಂತ ಈಗಲೇ ಹೇಳಬಹುದು. ಪಂಚನಾಮೆಯಲ್ಲಿ ಬಾವಿ, ಗಿಡ, ಕೊಟ್ಟಿಗೆ ಎಲ್ಲಾ ಬರೆದುಕೊಳ್ಳುತ್ತಾರೆ. ಹೊಲವಿಲ್ಲದ ಮನೆಯ ಹುಡುಗ ಯಾವ ತರಗತಿಯಲ್ಲಿದ್ದಾನೆ, ಅವನ ಮುಂದಿನ ಓದಿಗೆ ಏನು ದಾರಿ ಅಂತಲೂ ಒಂದು ಕಾಲಮ್ಮು ಹಾಕಲಿ.

ಸಂಜೆ ಗವಂಡಿ ಗೆಳೆಯನ ಗಾಡಿ ಹಿಂದೆ ಕೂತು ಹಳೇ ಊರಿಗೆ ಹೋದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಊರಿನ ಜಾಗ ಮೇಲೆ ಬರುತ್ತೆ. ಎರೆ ಮಣ್ಣು ಬಿರುಕು ಬಿಟ್ಟಿತ್ತು. ದೂರದ ನೀರಿನಲ್ಲಿ ರಾಜಹಂಸಗಳು ನಿಂತಿದ್ದವು. ಅವನ್ನು ನೋಡೋಕೆ ಕ್ಯಾಮೆರಾ ಹಿಡಿದು ಬೆಂಗಳೂರಿನಿಂದ ಬರುವವರಿದ್ದಾರೆ. ನಾನು ಸಾಲಿಯ ಜಾಗ ಹುಡುಕುತ್ತಾ ಹೆಜ್ಜೆ ಅಳೆಯುತ್ತಿದ್ದೆ. ಗುಡಿಯಿಂದ ನಲವತ್ತು ಹೆಜ್ಜೆ, ಬೇವಿನ ಮರದ ಬೊಡ್ಡೆಯಿಂದ ಎಡಕ್ಕೆ. ಪಾಯದ ಕುಣಿ ಸಿಕ್ಕಿತು, ಕಲ್ಲು ಒಂದೂ ಇಲ್ಲ.

"ಏನ್ ಹುಡಕ್ತೀಲೇ?" ಅಂದ. "ಮೆಟ್ಟಲ ಕಲ್ಲ ಹುಡಕಾತಿದ್ರ, ಅದು ನಮ್ಮನ್ಯಾಗ ಐತಿ."

ಊರು ಬಿಡುವಾಗ ಎಲ್ಲರೂ ತಮ್ಮ ತಮ್ಮ ಮನೆಯ ತೊಲೆ, ಬಾಗಿಲು, ಚೌಕಟ್ಟು ಕಿತ್ತುಕೊಂಡು ಹೋದರು. ಇವನ ಮನೆಯಲ್ಲಿ ಕೀಳುವಂಥದ್ದು ಏನೂ ಇರಲಿಲ್ಲ. ಗೋವಾದಿಂದ ಬಂದವನು ಸಾಲಿಯ ಕಲ್ಲನ್ನೇ ಚಕ್ಕಡಿಯಲ್ಲಿ ಹೇರಿಕೊಂಡು ಹೋದನಂತೆ. ಅವನ ಪ್ಲಾಟಿಗೆ ಹೋದೆವು. ಹಿತ್ತಲಲ್ಲಿ ನಲ್ಲಿ ಪಕ್ಕ ಆ ಕಲ್ಲು. ಅವನ ಹೆಂಡತಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ನಮ್ಮನ್ನು ಕಂಡು ಎದ್ದು, ಒಂದು ಕೊಡ ನೀರು ಸುರಿದು ಸೋಪಿನ ನೊರೆ ತೊಳೆದರು. ಅರ್ಧ ಸವೆದಿದ್ದರೂ ಗೆರೆಗಳು ಕಾಣುತ್ತಿದ್ದವು. ಮಳೆಗೆ ಸಾಲಿ ಬಿಟ್ಟಾಗ ಆಡೋಕೆ ಅಂತ ನಾವೇ ಮೊಳೆಯಿಂದ ಕೆತ್ತಿದ್ದ ಚೌಕಾಬಾರದ ಮನೆಗಳು.

"ಹುಣಸಿ ಬೀಜ ಅದಾವೇನ?" ಅಂತ ಹೆಂಡತಿಯನ್ನು ಕೇಳಿದ. ಅವರು ಒಳಗೆ ಹೋಗಿ ನಾಲ್ಕು ಹುಣಸೆ ಬೀಜ ತಂದರು. ಎರಡು ಆಟ ಆಡಿದೆವು. ಎರಡೂ ಅವನೇ ಗೆದ್ದ.