ಸೈತಾಮಾದಲ್ಲಿ ಮನೆ ಹಿಡಿಯುವ ಮುನ್ನ

ಟೋಕಿಯೋದಲ್ಲಿ ಕೆಲಸ ಸಿಕ್ಕಿದ ಕೂಡಲೇ ನಮ್ಮವರು ಬಾಡಿಗೆ ನೋಡಿ ಬೆಚ್ಚುತ್ತಾರೆ. ಆಗ ಕಣ್ಣಿಗೆ ಬೀಳುವುದು ಉತ್ತರಕ್ಕೆ ಅಂಟಿಕೊಂಡಿರುವ ಸೈತಾಮಾ ಪ್ರಾಂತ್ಯ. "ಅಗ್ಗ, ಹತ್ತಿರ, ಸಾಕು" ಎಂದು ಮನೆ ಹಿಡಿದುಬಿಡುತ್ತಾರೆ. ಆಮೇಲೆ ಆರು ತಿಂಗಳಿಗೆ ರೈಲಿನ ನೂಕುನುಗ್ಗಲು, ಗ್ಯಾಸ್ ಬಿಲ್, ಮಳೆಗಾಲದ ಭಯ ಎಲ್ಲ ಒಟ್ಟಿಗೆ ಶುರು. ಸೈತಾಮಾ ಒಳ್ಳೆಯ ಜಾಗ. ನಿದ್ದೆ ಮಾಡಿ ಎದ್ದು ಹೋಗುವ ಊರು ಎಂದುಕೊಂಡು ಆರಿಸಿದವರಿಗೆ ಮಾತ್ರ ಅದು ಕಷ್ಟ ಕೊಡುತ್ತದೆ. ಬಾಡಿಗೆಗಿಂತ ಮೊದಲು ಮೂರು ವಿಷಯ ನೋಡಿ: ರೈಲು, ನೆಲ, ಗ್ಯಾಸ್.

ರೈಲಿನಿಂದ ಶುರು ಮಾಡೋಣ. ಇಲ್ಲಿನ ಮುಖ್ಯ ಲೈನುಗಳೆಲ್ಲ ಟೋಕಿಯೋ ಕಡೆಗೆ ಓಡುತ್ತವೆ. ಉತ್ತರ-ದಕ್ಷಿಣ ಸಲೀಸು, ಪೂರ್ವ-ಪಶ್ಚಿಮ ಕಷ್ಟ. ಅಡ್ಡ ಓಡುವ ದೊಡ್ಡ ಲೈನು ಎಂದರೆ ಮುಸಾಶಿನೊ, ಅದೂ ಮೂಲತಃ ಸರಕು ಸಾಗಣೆಗೆ ಹಾಕಿದ ಹಾದಿ. ಜೋರು ಗಾಳಿ ಬೀಸಿದರೆ ತಡವಾಗುವುದರಲ್ಲಿ ಅದಕ್ಕೆ ಹೆಸರಿದೆ. ಆದ್ದರಿಂದ ಆಫೀಸು ಶಿಂಜುಕು, ಶಿಬುಯಾ ಕಡೆಯಿದ್ದರೆ ಸೈಕ್ಯೋ ಲೈನಿನ ಮೇಲೆ ಮನೆ ಹುಡುಕಿ. ಟೋಕಿಯೋ ಸ್ಟೇಷನ್, ಶಿನಾಗಾವಾ ಕಡೆಯಿದ್ದರೆ ಕೇಹಿನ್-ತೋಹೊಕು ಲೈನು. ಇಕೆಬುಕುರೊ ಆದರೆ ತೋಬು ತೋಜೊ ಲೈನು ಅಥವಾ ಸೇಬು ಲೈನು. ಒಂದೇ ರೈಲಿನಲ್ಲಿ ಮುಗಿಯುವ 45 ನಿಮಿಷದ ದಾರಿ, ಎರಡು ಬಾರಿ ಬದಲಿಸುವ 35 ನಿಮಿಷದ ದಾರಿಗಿಂತ ಎಷ್ಟೋ ವಾಸಿ.

ಸೈಕ್ಯೋ ಲೈನಿಗೆ ಒಂದು ಹಿನ್ನೆಲೆಯಿದೆ. 1982ರಲ್ಲಿ ತೋಹೊಕು ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ಸೈತಾಮಾದ ಓಮಿಯಾದಿಂದ ಶುರುವಾಯಿತು. ಅದನ್ನು ಟೋಕಿಯೋ ಒಳಕ್ಕೆ ಎಳೆಯಲು ಈ ಊರುಗಳ ನೆತ್ತಿಯ ಮೇಲೆ ಸೇತುವೆ ಕಟ್ಟಬೇಕಿತ್ತು. ಸದ್ದು ನಮಗೆ, ರೈಲು ಮಾತ್ರ ಬೇರೆಯವರಿಗೆ ಎಂದು ಜನ ವಿರೋಧಿಸಿದರು. ಅದಕ್ಕೆ ಪ್ರತಿಯಾಗಿ ಪಕ್ಕದಲ್ಲೇ ಕೊಟ್ಟ ಲೋಕಲ್ ರೈಲು ಇದು, 1985ರಲ್ಲಿ ಬಂತು. ಇವತ್ತು ಬೆಳಗಿನ ಹೊತ್ತು ಅದರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಂಗಸರಿಗೇ ಮೀಸಲಾದ ಬೋಗಿ ಇದೆ ಎಂಬುದನ್ನು ಹೊಸದಾಗಿ ಬಂದವರಿಗೆ ಹೇಳಿಬಿಡಿ. ಕೂತು ಹೋಗಬೇಕು ಎನ್ನುವವರು ರೈಲು ಹೊರಡುವ ಸ್ಟೇಷನ್ನಿನ ಹತ್ತಿರ ಮನೆ ನೋಡಲಿ. ಕೇಹಿನ್-ತೋಹೊಕುವಿನ ಹಲವು ರೈಲುಗಳು ಮಿನಾಮಿ-ಉರಾವಾದಿಂದಲೇ ಹೊರಡುತ್ತವೆ. ಒಂದು ರೈಲು ಬಿಟ್ಟು ಸಾಲಿನಲ್ಲಿ ನಿಂತರೆ ಸೀಟು ಸಿಗುವ ಸಂಭವ ಹೆಚ್ಚು.

ಮಕ್ಕಳಿರುವವರಿಗೆ ಒಂದು ಮಾತು. ಭಾರತೀಯ ಪಠ್ಯಕ್ರಮದ ಶಾಲೆಗಳು ಟೋಕಿಯೋದ ಪೂರ್ವ ಭಾಗದಲ್ಲಿವೆ. ನಿಶಿಕಸಾಯಿ ಸುತ್ತ ನಮ್ಮವರು ಗುಂಪಾಗಿ ನೆಲೆಸಿರುವುದಕ್ಕೆ ಅದೂ ಒಂದು ದೊಡ್ಡ ಕಾರಣ. ಉರಾವಾದಿಂದ ಅಲ್ಲಿಗೆ ಸುಮಾರು ಒಂದು ಗಂಟೆ. ಚಿಕ್ಕ ಮಗುವನ್ನು ದಿನಾ ಹಾಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಸ್ಥಳೀಯ ಜಪಾನಿ ಸರ್ಕಾರಿ ಶಾಲೆಗೆ ಸೇರಿಸುವ ಮನಸ್ಸಿದ್ದರೆ ಸೈತಾಮಾ ಚೆನ್ನಾಗಿದೆ. ಆ ಮನಸ್ಸಿಲ್ಲದಿದ್ದರೆ ನಿಶಿಕಸಾಯಿಯಲ್ಲೇ ಇರಿ.

ಇನ್ನು ನೆಲ. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಪ್ರಾಂತ್ಯದ ಉತ್ತರದ ಗಡಿಯಲ್ಲಿ ತೋನೆ ನದಿ, ಮಧ್ಯದಲ್ಲಿ ಅರಾಕಾವಾ. ಕೋನೊಸು ಮತ್ತು ಯೋಶಿಮಿ ನಡುವೆ ಅರಾಕಾವಾದ ಈ ಏರಿಯಿಂದ ಆ ಏರಿಗೆ 2,537 ಮೀಟರ್, ಜಪಾನಿನಲ್ಲೇ ಅತಿ ಹೆಚ್ಚು ಅಗಲ. ಮಾಮೂಲು ದಿನ ನೋಡಿದರೆ ನದಿ ಒಂದು ಸಣ್ಣ ಗೆರೆ, ಸುತ್ತ ಗದ್ದೆ. ಅಷ್ಟು ಜಾಗವನ್ನು ನೀರಿಗೆಂದೇ ಬಿಟ್ಟಿದ್ದಾರೆ ಎಂದರೆ ನೀರು ಬರುತ್ತದೆ ಎಂದೇ ಅರ್ಥ. ಉರಾವಾ, ಯೊನೊ, ಓಮಿಯಾ ಸ್ಟೇಷನ್ನುಗಳ ಸುತ್ತಿನ ಜಾಗ ಓಮಿಯಾ ದಿಬ್ಬದ ಮೇಲಿದೆ. ತೋದಾ, ವಾರಾಬಿ, ಕವಾಗುಚಿಯ ಬಹುಭಾಗ ಅರಾಕಾವಾದ ತಗ್ಗಿನಲ್ಲಿವೆ. ಎರಡರ ನಡುವೆ ರೈಲಿನಲ್ಲಿ ಹತ್ತು-ಹದಿನೈದು ನಿಮಿಷ ಅಷ್ಟೆ, ಆದರೆ ಪ್ರವಾಹದ ನಕ್ಷೆಯಲ್ಲಿ ಬಣ್ಣವೇ ಬೇರೆ. ದಿಬ್ಬದ ಮೇಲೂ ಹಳ್ಳದ ತಗ್ಗುಗಳಿವೆ, ಹಾಗಾಗಿ ಸ್ಟೇಷನ್ ಹೆಸರು ನೋಡಿ ನಿಶ್ಚಿಂತರಾಗಬೇಡಿ. ಮನೆಯ ನಿಖರ ವಿಳಾಸ ಹಾಕಿ ಆ ಪ್ರವಾಹದ ನಕ್ಷೆ, ಅಂದರೆ ಹಜಾರ್ಡ್ ಮ್ಯಾಪ್ ನೋಡಿ. 2020ರ ಆಗಸ್ಟಿನಿಂದ ಬ್ರೋಕರ್ ಕರಾರಿಗೆ ಮುಂಚೆ ಆ ನಕ್ಷೆಯಲ್ಲಿ ಮನೆ ಎಲ್ಲಿದೆ ಎಂದು ತೋರಿಸಲೇಬೇಕು. ಅವರು ಗಡಿಬಿಡಿಯಲ್ಲಿ ಪುಟ ತಿರುಗಿಸಿದರೆ ನಿಲ್ಲಿಸಿ ಕೇಳಿ. ತಗ್ಗಿನಲ್ಲೇ ಮನೆ ಬೇಕೆಂದರೆ ಮೂರನೇ ಮಹಡಿ ಅಥವಾ ಮೇಲೆ ಹಿಡಿಯಿರಿ. ಬೆಂಕಿ ವಿಮೆಯಲ್ಲಿ ನೀರಿನ ಹಾನಿಯೂ ಸೇರಿದೆಯೇ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಅದು ಸೇರಿರುವುದಿಲ್ಲ. ಅಂದಹಾಗೆ, ಜಪಾನಿ ಲೆಕ್ಕದಲ್ಲಿ ಒಂದನೇ ಮಹಡಿ ಎಂದರೆ ನೆಲಮಹಡಿ.

ಈ ನೀರಿನ ಜೊತೆ ಇಲ್ಲಿನ ಜನ ಹೇಗೆ ಬಾಳುತ್ತಾರೆ ಎಂದು ಕಣ್ಣಾರೆ ನೋಡಬೇಕಾದರೆ ಇದೇ ಪ್ರಾಂತ್ಯದ ಕಾಸುಕಾಬೆಗೆ ಹೋಗಿ. ಅಲ್ಲಿ ನೆಲದಡಿ ಸುಮಾರು 50 ಮೀಟರ್ ಆಳದಲ್ಲಿ 6.3 ಕಿಲೋಮೀಟರ್ ಉದ್ದದ ಸುರಂಗವಿದೆ. ಸಣ್ಣ ನದಿಗಳು ಉಕ್ಕಿದಾಗ ನೀರು ಬಾವಿಯಂಥ ಐದು ದೊಡ್ಡ ಗುಂಡಿಗಳ ಮೂಲಕ ಇಳಿದು, ಕೊನೆಗೆ 177 ಮೀಟರ್ ಉದ್ದ, 78 ಮೀಟರ್ ಅಗಲದ ತೊಟ್ಟಿಗೆ ಬರುತ್ತದೆ. ಅದರ ಚಾವಣಿಯನ್ನು 59 ಕಂಬಗಳು ಹೊತ್ತಿವೆ. ಅಲ್ಲಿಂದ ಪಂಪುಗಳು ಸೆಕೆಂಡಿಗೆ 200 ಘನ ಮೀಟರ್‌ವರೆಗೆ ನೀರನ್ನು ಎದೊ ನದಿಗೆ ಎಸೆಯುತ್ತವೆ. ಕಾಮಗಾರಿ ಪೂರ್ತಿಯಾದದ್ದು 2006ರಲ್ಲಿ. ರಾಜಕಾಲುವೆಗಳ ಮೇಲೆ ಕಟ್ಟಡ ಎಬ್ಬಿಸಿ ಮಳೆ ಬಂದಾಗ ಕೊರಗುವ ಬೆಂಗಳೂರಿನವರು ಇದನ್ನು ನೋಡಲೇಬೇಕು. ಮೊದಲೇ ಬುಕ್ ಮಾಡಬೇಕು. ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಹತ್ತಬೇಕು, ಲಿಫ್ಟ್ ಇದೆ ಎಂದು ನಂಬಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ಮಳೆಯಾಗಿ ನೀರು ಒಳಬಂದರೆ ಭೇಟಿ ರದ್ದು.

ಗ್ಯಾಸ್ ವಿಷಯಕ್ಕೆ ಬರುತ್ತೇನೆ. ಸ್ಟೇಷನ್ನಿನಿಂದ ದೂರ ಹೋದಂತೆ ಪೈಪಿನ ಸಿಟಿ ಗ್ಯಾಸ್ ಇಲ್ಲದ, ಹೊರಗೆ ಪ್ರೋಪೇನ್ ಸಿಲಿಂಡರ್ ನಿಲ್ಲಿಸಿದ ಮನೆಗಳು ಹೆಚ್ಚು. ಪ್ರೋಪೇನ್ ದರವನ್ನು ಮಾರುವವರೇ ನಿಗದಿ ಮಾಡುತ್ತಾರೆ. ಬಾಡಿಗೆ ಮೂರು ಸಾವಿರ ಯೆನ್ ಕಡಿಮೆ ಎಂದು ಹಿಗ್ಗಿದವರು ಚಳಿಗಾಲದಲ್ಲಿ ಬಿಸಿನೀರಿಗೆ ಅದಕ್ಕಿಂತ ಹೆಚ್ಚು ಕಟ್ಟುತ್ತಾರೆ. ಮನೆ ನೋಡುವಾಗಲೇ ಮೂಲ ಶುಲ್ಕ ಎಷ್ಟು, ಒಂದು ಘನ ಮೀಟರಿಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಹೋಲಿಸುವಾಗ ಒಂದು ಎಚ್ಚರ: ಒಂದು ಘನ ಮೀಟರ್ ಪ್ರೋಪೇನ್ ಸಿಟಿ ಗ್ಯಾಸ್‌ಗಿಂತ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು ಶಾಖ ಕೊಡುತ್ತದೆ, ನೇರ ಅಂಕಿಗೆ ಅಂಕಿ ಇಡಬೇಡಿ. ಎರಡಕ್ಕೂ ಒಲೆ ಬೇರೆ ಬೇರೆ. ಹಳೆಯ ಮನೆಯ ಒಲೆಯನ್ನು ಹೊಸ ಮನೆಗೆ ತಂದು ತಪ್ಪು ಗ್ಯಾಸಿಗೆ ಜೋಡಿಸಿದರೆ ಉರಿ ಸರಿಯಾಗಿ ಸುಡದೆ ವಿಷದ ಹೊಗೆ ಬರಬಹುದು. ಒಲೆಯ ಮೇಲಿನ ಚೀಟಿ ಓದಿ.

ಅಡುಗೆಮನೆಯ ಇನ್ನೊಂದು ಗೋಳು: "ದೋಸೆ ಕಾವಲಿ ಕಾಯುವಷ್ಟರಲ್ಲಿ ಉರಿ ತಾನಾಗಿಯೇ ಸಣ್ಣಗಾಗುತ್ತದೆ, ಒಲೆ ಕೆಟ್ಟಿದೆ." ಕೆಟ್ಟಿಲ್ಲ. 2008ರಿಂದ ಇಲ್ಲಿನ ಮನೆಯ ಗ್ಯಾಸ್ ಒಲೆಗಳಿಗೆ ಬಿಸಿ ಅಳೆಯುವ ಸೆನ್ಸರ್ ಕಡ್ಡಾಯ. ಬರ್ನರ್ ನಡುವಿನ ಗುಂಡಿ ಪಾತ್ರೆಯ ತಳ ಮುಟ್ಟಿಕೊಂಡಿರುತ್ತದೆ, ಸುಮಾರು 250 ಡಿಗ್ರಿ ದಾಟಿದರೆ ಉರಿ ತಗ್ಗಿಸುತ್ತದೆ, ಆಮೇಲೆ ಆರಿಸುತ್ತದೆ. ಖಾಲಿ ಕಬ್ಬಿಣದ ಕಾವಲಿ ಅಲ್ಲಿಗೆ ಬೇಗ ಮುಟ್ಟುತ್ತದೆ. ಹಲವು ಒಲೆಗಳಲ್ಲಿ ಒಂದು ಬರ್ನರಿಗೆ ಹೆಚ್ಚು ಶಾಖದ ಗುಂಡಿ ಇರುತ್ತದೆ, ಮೂರು ಸೆಕೆಂಡು ಒತ್ತಿ ಹಿಡಿದರೆ ಮಿತಿ ಸ್ವಲ್ಪ ಮೇಲೇರುತ್ತದೆ. ಜೋಳದ ರೊಟ್ಟಿಗೂ ಅದೇ ಬರ್ನರ್ ಬಳಸಿ. ಫುಲ್ಕಾವನ್ನು ನೇರ ಉರಿಗೆ ಹಾಕಲು ಕೆಲವು ಒಲೆ ಬಿಡುವುದೇ ಇಲ್ಲ, ಪಾತ್ರೆ ಇಲ್ಲದಿದ್ದರೆ ಹೊತ್ತುವುದಿಲ್ಲ. ಸಣ್ಣ ಡಬ್ಬಿ ಗ್ಯಾಸಿನ ಒಲೆ ತಂದು ಅದರ ಮೇಲೆ ದೊಡ್ಡ ಕಾವಲಿ ಇಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಕಾವಲಿ ಡಬ್ಬಿಯ ಮೇಲೆ ಚಾಚಿದರೆ ಡಬ್ಬಿ ಕಾದು ಸಿಡಿಯಬಹುದು. ಕರೆಂಟಿನ ಐಎಚ್ ಒಲೆಯ ಮನೆಯಾದರೆ ಅಲ್ಯೂಮಿನಿಯಂ ಕುಕ್ಕರ್ ಹೊತ್ತು ತರಬೇಡಿ, ಸ್ಟೀಲಿನ ಇಂಡಕ್ಷನ್ ತಳದ್ದು ತನ್ನಿ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. 80,000 ಯೆನ್ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ಠೇವಣಿ ಒಂದು ತಿಂಗಳು, ಮಾಲೀಕರಿಗೆ ಕೊಡುವ ರೇಕಿನ್ ಒಂದು ತಿಂಗಳು, ಬ್ರೋಕರಿಗೆ ತೆರಿಗೆ ಸೇರಿ 88,000, ಮೊದಲ ತಿಂಗಳ ಬಾಡಿಗೆ, ನಿಮಗೆ ಜಾಮೀನು ನಿಲ್ಲುವ ಗ್ಯಾರಂಟಿ ಕಂಪನಿಗೆ ಅರ್ಧ ಬಾಡಿಗೆಯಿಂದ ಪೂರ್ತಿ ಬಾಡಿಗೆವರೆಗೆ, ಮೇಲೆ ವಿಮೆ, ಬೀಗ ಬದಲಾವಣೆ. ನಾಲ್ಕು ಲಕ್ಷ ದಾಟುತ್ತದೆ. ಬೆಂಗಳೂರಿನ ಅಡ್ವಾನ್ಸ್ ಹಾಗೆ ರೇಕಿನ್ ವಾಪಸ್ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ ಇನ್ನೊಂದು ತಿಂಗಳ ಬಾಡಿಗೆ ಕೇಳುವುದು ಈ ಭಾಗದ ರೂಢಿ. ನನ್ನ ಸಲಹೆ, ಯುಆರ್ ಎಂಬ ಅರೆಸರ್ಕಾರಿ ಸಂಸ್ಥೆಯ ಅಪಾರ್ಟ್‌ಮೆಂಟುಗಳನ್ನು ಮೊದಲು ನೋಡಿ. ರೇಕಿನ್ ಇಲ್ಲ, ಬ್ರೋಕರ್ ಇಲ್ಲ, ನವೀಕರಣ ಶುಲ್ಕ ಇಲ್ಲ, ಜಾಮೀನುದಾರ ಬೇಡ. ಎರಡು ತಿಂಗಳ ಠೇವಣಿ ಸಾಕು. ಕುಟುಂಬ ಸಮೇತ ಇರುವವರು 80,000 ಬಾಡಿಗೆಗೆ ಸಾಮಾನ್ಯವಾಗಿ ತಿಂಗಳ ಸಂಬಳ ನಾಲ್ಕು ಪಟ್ಟು, ಅಂದರೆ 3,20,000 ತೋರಿಸಬೇಕು. ಕಟ್ಟಡ ಹಳೆಯದಿರಬಹುದು. ಎಸಿ, ದೀಪ, ಒಲೆ ನೀವೇ ತರಬೇಕಾಗುತ್ತದೆ. ಎಸಿಗೆ ಜಿಪುಣತನ ಬೇಡ. ಇದೇ ಪ್ರಾಂತ್ಯದ ಕುಮಾಗಾಯಾದಲ್ಲಿ 2018ರ ಜುಲೈ 23ರಂದು 41.1 ಡಿಗ್ರಿ ದಾಖಲಾಗಿತ್ತು, ಆವತ್ತಿಗೆ ಜಪಾನಿನ ದಾಖಲೆ.

ಮನೆಗೆ ಬಂದ 14 ದಿನದೊಳಗೆ ಊರಿನ ಕಚೇರಿಗೆ ರೆಸಿಡೆನ್ಸ್ ಕಾರ್ಡ್ ಒಯ್ದು ವಿಳಾಸ ಬರೆಸಿ. ಗ್ಯಾಸ್ ತೆರೆಯುವಾಗ ನೀವು ಮನೆಯಲ್ಲೇ ಇರಬೇಕು, ವಾರ ಮುಂಚೆ ಹೊತ್ತು ಗೊತ್ತು ಮಾಡಿ, ಇಲ್ಲದಿದ್ದರೆ ಮೊದಲ ರಾತ್ರಿ ತಣ್ಣೀರು. ಎರಡನೇ ವರ್ಷ ಜೂನ್‌ನಲ್ಲಿ ಸಂಬಳ ಇಳಿದದ್ದು ನೋಡಿ ಗಾಬರಿಯಾಗಬೇಡಿ. ಹಿಂದಿನ ವರ್ಷದ ಆದಾಯದ ಮೇಲೆ ಸುಮಾರು ಶೇ. 10ರ ನಿವಾಸಿ ತೆರಿಗೆ ಆಗ ಶುರುವಾಗುತ್ತದೆ. ಭಾರತದ ಕಂಪನಿಯೇ ಐದು ವರ್ಷದೊಳಗಿನ ಅವಧಿಗೆ ಕಳಿಸಿದ್ದರೆ ಹೊರಡುವ ಮೊದಲೇ ಪಿಎಫ್ ಕಚೇರಿಯಿಂದ ಪ್ರಮಾಣಪತ್ರ ತನ್ನಿ. 2016ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ ಜಪಾನಿ ಪಿಂಚಣಿ ಕಟ್ಟಬೇಕಿಲ್ಲ.

ಊರಿನಿಂದ ಅಪ್ಪ-ಅಮ್ಮ ಬಂದಾಗ ಟೋಕಿಯೋ ಸುತ್ತಿಸಿ ಸುಸ್ತು ಮಾಡುವುದೇಕೆ? ಬೆಂಗಳೂರಿನಿಂದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ಅಲ್ಲಿಂದ ಸ್ಕೈಲೈನರ್ ರೈಲು ಹಿಡಿದರೆ ಟೋಕಿಯೋದ ನಿಪ್ಪೊರಿ ಸ್ಟೇಷನ್ನಿಗೆ ಸುಮಾರು 40 ನಿಮಿಷ. ಅಲ್ಲಿ ಒಂದು ತೊಡಕಿದೆ: ಹಗಲು ಹೊತ್ತು ಕೇಹಿನ್-ತೋಹೊಕು ರೈಲು ರ‍್ಯಾಪಿಡ್ ಆಗಿ ಓಡುತ್ತದೆ, ನಿಪ್ಪೊರಿಯಲ್ಲಿ ನಿಲ್ಲುವುದಿಲ್ಲ. ಯಮಾನೊತೆ ಲೈನಿನ ರೈಲು ಹತ್ತಿ ತಬಾತಾದಲ್ಲಿ ಇಳಿಯಿರಿ, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ಓಮಿಯಾ ರೈಲು ಬರುತ್ತದೆ. ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವ ಪ್ರಮೇಯವಿಲ್ಲ.

ಅಪ್ಪ-ಅಮ್ಮನನ್ನು ಸೈತಾಮಾದ ಕವಾಗೋಯೆಗೆ ಕರೆದೊಯ್ಯಿರಿ. 1893ರಲ್ಲಿ ಊರಿನ ಬಹುಭಾಗ ಸುಟ್ಟುಹೋದಾಗ ದಪ್ಪ ಮಣ್ಣಿನ ಗೋಡೆಯ ಮಳಿಗೆಗಳು ಉಳಿದದ್ದು ಕಂಡು ವ್ಯಾಪಾರಿಗಳು ಹಾಗೆಯೇ ಕಟ್ಟಿಕೊಂಡರು. ಈಗ ನೋಡುವ ಕಪ್ಪು ಮಳಿಗೆಗಳ ಸಾಲು ಅದೇ. ಹೋನ್-ಕವಾಗೋಯೆ ಸ್ಟೇಷನ್ನಿನಿಂದ ನಡಿಗೆ ಸುಮಾರು ಕಾಲು ಗಂಟೆ. ಕವಾಗೋಯೆ ಸ್ಟೇಷನ್ನಿನಲ್ಲಿ ಇಳಿದರೆ ಅದರ ಎರಡರಷ್ಟು. ಅಂಗಡಿಗಳು ಸಂಜೆ ಐದಕ್ಕೆ ಬಾಗಿಲು ಹಾಕತೊಡಗುತ್ತವೆ, ಬೆಳಿಗ್ಗೆಯೇ ಹೋಗಿ. ಸಸ್ಯಾಹಾರಿಗಳಿಗೆ ಸುಟ್ಟ ಗೆಣಸು ಧಾರಾಳ. ನೂಡಲ್ಸ್ ಸಾರು ನೋಡಲು ತಿಳಿಯಾಗಿದ್ದರೂ ಸಾಮಾನ್ಯವಾಗಿ ಒಣಮೀನಿನ ರಸ ಬಿದ್ದಿರುತ್ತದೆ, ಮಿಸೊ ಸೂಪಿಗೂ ಅದೇ.

ಚಿಚಿಬು ಬೆಟ್ಟದ ಕಡೆಗೆ ಇಕೆಬುಕುರೊದಿಂದ ಸೇಬು ಎಕ್ಸ್‌ಪ್ರೆಸ್ಸಿನಲ್ಲಿ 80 ನಿಮಿಷದ ಆಸುಪಾಸು, ಸೀಟೆಲ್ಲ ಕಾದಿರಿಸಿದ್ದೇ. ಡಿಸೆಂಬರ್ 2 ಮತ್ತು 3ರ ರಾತ್ರಿ ತೇರಿನ ಜಾತ್ರೆಗೆ ಹೋಗುವುದಾದರೆ ವಾಪಸ್ ಬರುವ ಟಿಕೆಟ್ ಮೊದಲು ಕೊಳ್ಳಿ. ಓಮಿಯಾದಲ್ಲಿ ಇಳಿದರೆ ರೈಲ್ವೆ ಮ್ಯೂಸಿಯಂ ಇದೆ, 1923ರ ಭೂಕಂಪದ ನಂತರ ಟೋಕಿಯೋದ ಗಿಡಗಾರರು ಬಂದು ನೆಲೆಸಿದ ಬೊನ್ಸಾಯ್ ಊರಿದೆ. ಎಸ್ಕಲೇಟರಿನ ಮೇಲೆ ಮಾತ್ರ ನಡೆಯಬೇಡಿ. 2021ರ ಅಕ್ಟೋಬರಿನಿಂದ ಸೈತಾಮಾದಲ್ಲಿ ನಿಂತೇ ಹೋಗಬೇಕೆಂಬ ನಿಯಮವಿದೆ. ದಂಡವಿಲ್ಲ, ಆದರೆ ಕೈಹಿಡಿ ಹಿಡಿದು ಮೆಲ್ಲಗೆ ನಿಂತಿರುವ ಅಜ್ಜ-ಅಜ್ಜಿಯರಿಗೆ ಅದರಿಂದ ತುಂಬಾ ಉಪಕಾರ.